ರಾಕ್ಷಸನ ಹರಿದ ಅಂಗಿ

ಅಪ್ಪಾ,

ನಿಮ್ಮ ರಾಕ್ಷಸ ಸಿಕ್ಕಿಬಿಟ್ಟ! ನೀವು ತೀರಿಕೊಂಡ ಮೇಲೆ ಮನೆಯಲ್ಲಿ ಇಷ್ಟು ಗಲಾಟೆ ಇದೇ ಮೊದಲು.

ಮಕ್ಕಳು ಲೈಬ್ರರಿಯಿಂದ ಒಂದೇ ಕತೆಯ ಮೂರು ಪುಸ್ತಕ ತಂದು ನೆಲದ ಮೇಲೆ ಹರಡಿದ್ದರು. ಎರಡರಲ್ಲಿ ರಾಜಕುಮಾರ ರಾಕ್ಷಸನನ್ನು ಕೊಲ್ಲುತ್ತಾನೆ. ಮೂರನೆಯದರಲ್ಲಿ ರಾಜಕುಮಾರಿ ಅವನ ಹರಿದ ಅಂಗಿ ಹೊಲಿದುಕೊಡುತ್ತಾಳೆ.

“ಇದು ತಾತನ ಕತೆ ಕಣಮ್ಮಾ,” ಎಂದು ಮಗಳು ಕುಣಿದಾಡಿದಳು.

ಟೈಲರ್ ಆದ ನೀವು ಕತೆಯಲ್ಲೂ ಸೂಜಿದಾರ ತುರುಕಿದ್ದೀರಿ ಎಂದೇ ನಾನು ತಿಳಿದಿದ್ದೆ. “ಪುಸ್ತಕದಲ್ಲಿ ಹಾಗಿಲ್ಲಪ್ಪ, ಮಕ್ಕಳಿಗೆ ಏನೇನೋ ಹೇಳ್ಬೇಡಿ,” ಎಂದು ಅವರ ಎದುರೇ ಅಂದಿದ್ದೆ. ನೀವು ಕನ್ನಡಕ ಒರೆಸಿಕೊಂಡು ಎದ್ದುಹೋದಿರಿ. ಆಮೇಲೆ ಕತೆಯನ್ನೇ ಹೇಳಲಿಲ್ಲ.

ಪುಸ್ತಕ ಅಂಗಿ ಹೊಲಿದಲ್ಲಿಗೆ ಮುಗಿಯುತ್ತದೆ. “ಅದನ್ನ ಹಾಕ್ಕೊಂಡು ರಾಕ್ಷಸ ಎಲ್ಲಿಗೆ ಹೋದ?” ಎಂದು ಮಗ ಬೆನ್ನು ಬಿದ್ದಿದ್ದಾನೆ.

ಅಂದು ನಾನು ನಿಮ್ಮ ಬಾಯಿ ಮುಚ್ಚಿಸಿದ್ದು ಸರಿಯಾಗಿ ಅಲ್ಲಿಗೇ.