ಮುಸುಕು ಇಳಿಸಿದ ದಿನದ ಮುಖ

ತೈನಾನ್
ಡಿಸೆಂಬರ್ ೯

ನನ್ನ ಮುದ್ದು ಪೇಶಾನ್‌ಗೆ, ಅಮ್ಮನ ಆಶೀರ್ವಾದಗಳು.

ಫೋನ್ ಎತ್ತದವಳು ಕಾಗದವನ್ನಾದರೂ ಓದುತ್ತೀಯೆಂದು ಬರೆಯುತ್ತಿದ್ದೇನೆ. ಹರಿದು ಎಸೆಯುವುದಿದ್ದರೂ ಓದಿ ಎಸೆ, ಮಾರಾಯ್ತಿ.

ಮದುವೆಯ ದಿನ ನಿನ್ನ ಮುಖಕ್ಕೆ ಮುಸುಕು ಇಳಿಸುವಾಗ ನಾನು ನಗಲಿಲ್ಲ, ಅಳಲೂ ಇಲ್ಲ. ಕೊಟ್ಟ ಹೆಣ್ಣು ಚೆಲ್ಲಿದ ನೀರು ಎಂಬ ನಮ್ಮ ಪದ್ಧತಿಯಂತೆ ನಿನ್ನ ಕಾರಿನ ಹಿಂದೆ ನೀರು ಚೆಲ್ಲಿ ಕಂಬದ ಹಾಗೆ ನಿಂತಿದ್ದೆ. ಮದುವೆಯಾದ ಮೇಲೆ ಮೊದಲ ಸಲ ತವರಿಗೆ ಬಂದವಳು ನೀನು ಅಡುಗೆಮನೆಯಲ್ಲಿ ಕೇಳಿದೆ, "ನನ್ನ ಗಂಡ ನಿಂಗೆ ಅಷ್ಟೊಂದು ಬೇಡವಾದ್ನಾ? ನಿಮ್ಮಮ್ಮಂದೇನು ಕಲ್ಲಿನ ಮುಖಾನಾ ಅಂತಾರೆ ಅತ್ತೆ." ನಾನು ಬಾಯಿ ಬಿಡಲಿಲ್ಲ. ಅಂದಿನಿಂದ ನೀನು ಮಾತೇ ಬಿಟ್ಟೆ.

ನನ್ನ ಬಲಗಣ್ಣು ಹೊಡೆದುಕೊಳ್ಳುವುದು, ಬಾಯಿಯ ಕೊನೆ ಮೇಲಕ್ಕೆ ಎಳೆಯುವುದು ನಿನಗೆ ಹೊಸದಲ್ಲ. ನಮ್ಮ ಮೀನಿನ ಗಂಜಿಯ ಗಿರಾಕಿಗಳಿಗೂ ಅಭ್ಯಾಸವಾಗಿದೆ. ಪಕ್ಕದಂಗಡಿಯ ಆಕಿಮ್ ಅಂತೂ "ಯಾರಿಗೇ ಕಣ್ಣು ಹೊಡೀತಿದೀಯ, ಮುದುಕಿ?" ಎಂದು ರೇಗಿಸುತ್ತಾಳೆ. ಆದರೆ ನಿನ್ನ ಅತ್ತೆ ಕೂದಲು ಕತ್ತರಿಸಲೂ ಪಂಚಾಂಗ ನೋಡುವವರು. ನಿಶ್ಚಿತಾರ್ಥದಲ್ಲಿ ಕಣ್ಣುಬೇನೆಯೆಂದು ಕಪ್ಪು ಕನ್ನಡಕ ಹಾಕಿ ಪಾರಾದೆ. ಮುಸುಕು ಇಳಿಸುವ ಹೊತ್ತಿಗೆ ಬಲಗಣ್ಣು ಅದುರಿದರೆ ಅಪಶಕುನವೆಂದು ನಿನ್ನನ್ನೇ ಜೀವಮಾನವಿಡೀ ಕುಟುಕುತ್ತಿದ್ದರು.

ಅದಕ್ಕೇ ನಿನಗೂ ಹೇಳದೆ ಡಾಕ್ಟರ ಬಳಿ ಹೋದೆ. ಸ್ನಾಯುಗಳನ್ನು ಸಡಿಲಿಸುವ ಇಂಜೆಕ್ಷನ್ ಇದೆಯಂತೆ, ಮೂರು ತಿಂಗಳು ಕಣ್ಣು ಅದುರುವುದಿಲ್ಲವಂತೆ. "ಈಗ್ಲೇ ಹಾಕಿಸ್ಕೊಳ್ಳಿ ಅಮ್ಮಾ. ಮೊದಲ ಸಲ ಎಷ್ಟು ಹಿಡಿಯುತ್ತೋ ಹೇಳೋಕಾಗಲ್ಲ, ಹೆಚ್ಚಾದ್ರೆ ಸರಿಹೋಗೋಕೆ ಸಮಯ ಬೇಕು" ಎಂದರು. ಆದರೆ ಅದು ನಮ್ಮ ಪಂಚಾಂಗದ ಏಳನೆಯ ತಿಂಗಳು! ಸತ್ತವರು ಬೀದಿಯಲ್ಲಿ ಓಡಾಡುವ ತಿಂಗಳಲ್ಲಿ ಯಾರಾದರೂ ಮೈಗೆ ಸೂಜಿ ಚುಚ್ಚಿಸಿಕೊಳ್ಳುತ್ತಾರೆಯೇ? ತಿಂಗಳು ಕಳೆಯಲೆಂದು ಕಾದೆ. ಆಮೇಲೆ ಹೋಗಿ ಚುಚ್ಚಿಸಿಕೊಂಡಾಗ ಮದುವೆಗೆ ಹತ್ತೇ ದಿನ ಉಳಿದಿತ್ತು.

ಅದುರುವುದೇನೋ ನಿಂತಿತು. ಜೊತೆಗೆ ಬಲಗೆನ್ನೆಯೂ ಸತ್ತಂತಾಯಿತು. ಕನ್ನಡಿಯ ಮುಂದೆ ನಕ್ಕರೆ ಎಡಭಾಗ ಮಾತ್ರ ನಗುತ್ತಿತ್ತು, ನೋಡಿ ನಾನೇ ಹೆದರಿಬಿಟ್ಟೆ. ಬೀಗರ ಮುಂದೆ ಆ ಎಡಭಾಗವನ್ನೂ ಹಲ್ಲುಕಚ್ಚಿ ಹಿಡಿದುಕೊಂಡಿದ್ದೆ, ಮಗಳೇ. ಒಳಗೆ ಕರುಳು ಕಿತ್ತು ಬರುತ್ತಿತ್ತು. ಅಳಿಯ ಚಿನ್ನದಂಥ ಹುಡುಗ. ಅವನ ಮೇಲೆ ನನಗೇನು ಮುನಿಸು?

ಅಡುಗೆಮನೆಯಲ್ಲೇ ಹೇಳಬಹುದಿತ್ತು. ಆದರೆ ಹೊರಗೆ ನಿನ್ನ ಜೊತೆ ಬಂದಿದ್ದ ಬೀಗಿತ್ತಿ ಕೂತಿದ್ದರಲ್ಲ. ಕೇಳಿಸಿಕೊಂಡಾರೆಂದು ನುಂಗಿಕೊಂಡೆ.

ನಿನ್ನ ದಾರಿ ಕಾಯುತ್ತಿರುವ
ಅಮ್ಮ, ಶಿಯುಲಾನ್

ಮರೆತ ಮಾತು: ಇಂಜೆಕ್ಷನ್ನಿನ ಬಲ ಇಳಿದಿದೆ, ಕಣ್ಣು ಮತ್ತೆ ಕುಣಿಯುತ್ತಿದೆ. ಈ ಸಲ ಕಡಿಮೆ ಹಾಕುತ್ತೇನೆ, ಬನ್ನಿ ಎಂದು ಡಾಕ್ಟರು ಎರಡು ಬಾರಿ ಹೇಳಿ ಕಳಿಸಿದರು. ನಾನು ಹೋಗಿಲ್ಲ. ನೀನು ಯಾವ ದಿನ ಬಾಗಿಲು ತಟ್ಟುತ್ತೀಯೋ ಗೊತ್ತಿಲ್ಲವಲ್ಲ. ಆ ದಿನ ಮುಖದ ಎರಡೂ ಕಡೆಯಿಂದ ಅಳಬೇಕು ನನಗೆ.