ಸಾಹೇಬರ ಪೆಂಟಿ

ಮೂಡಲಗಿ
ಸೋಮವಾರ, ೧೨ ಜನವರಿ ೨೦೨೬

ಆಮ್ರಪಾಲಿ,

ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ಒಂಬತ್ತನೇ ತಿಂಗಳಿಗೆ ಬಿದ್ದಿದ್ದೀ. ಹುಕ್ಕೇರಿ ದವಾಖಾನೆಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಬೇಡ, ಅವ್ವನನ್ನು ಜೊತೆಗೆ ಕರೆದುಕೋ. ಇಂದ್ರವ್ವತ್ತೆಗೂ ಮಾವನಿಗೂ ನನ್ನ ಜೈ ಭೀಮ್ ಹೇಳು.

ಹತ್ತನೇ ಇಯತ್ತೆ ಮುಗಿದ ಮೇಲೆ ನಾನು ಒಂದು ಪುಟಕ್ಕಿಂತ ಹೆಚ್ಚು ಬರೆಯುತ್ತಿರುವುದು ಇದೇ ಮೊದಲು. ಫೋನ್ ಮಾಡಿದರೆ ನೀನು "ಮೊದಲ ಅಪ್ಪಾಂದ ಏನಾತು ಹೇಳು, ಇಲ್ಲಾಂದ್ರ ಫೋನ್ ಇಡು" ಅನ್ನುತ್ತೀ. ನಾನು ಬಾಯಿ ತೆರೆಯುವುದರೊಳಗೆ ಕಟ್. ಕಾಗದವಾದರೆ ಸಿಟ್ಟಿನಲ್ಲಿ ಹರಿದರೂ ಮತ್ತೆ ಜೋಡಿಸಿ ಓದುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು.

ನಮ್ಮ ಬೆಲ್ಲದ ಗಾಣಕ್ಕೆ ಬರುವ ಆಹಾರ ಇಲಾಖೆಯ ತಪಾಸಣೆ ಮೊದಲು ಹೇಗಿತ್ತೆಂದು ನೀನೇ ನೋಡಿದ್ದೀ. ಸಾಹೇಬರ ಜೀಪು ಘಟಪ್ರಭಾ ದಾಟಿತೆಂದರೆ ನಮಗೆ ಫೋನ್ ಬರುತ್ತಿತ್ತು. ಬೆಲ್ಲ ಹಳದಿಯಾಗಲೆಂದು ಕಡಾಯಿಗೆ ಹಾಕುವ ಬಿಳಿ ಪುಡಿಯ ಚೀಲ ಕಬ್ಬಿನ ಸಿಪ್ಪೆಯ ಕೆಳಗೆ ಸೇರುತ್ತಿತ್ತು, ಒಳಗಿನ ಗೂಡಿನಿಂದ ಸಾಹೇಬರ ಪೆಂಟಿ ಹೊರಗೆ ಬರುತ್ತಿತ್ತು. ಪುಡಿ ಮುಟ್ಟಿಸದೆ, ಬೆಂಡಿ ಗಿಡದ ಲೋಳೆಯಿಂದಲೇ ಮಡ್ಡಿ ತೆಗೆದು, ಹಂಗಾಮಿಗೆ ಒಂದೇ ಸಲ ಮಾವ ಇಳಿಸುತ್ತಿದ್ದ ಕಪ್ಪು ಬೆಲ್ಲದ ಉಂಡೆ ಅದು. ಬಿಳಿ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದೆವು. ಬಂದ ಸಾಹೇಬರು ಅದರದೇ ಚೂರು ಒಡೆದು ಡಬ್ಬಿಗೆ ಹಾಕಿಕೊಂಡು, ಚಹಾ ಕುಡಿದು ಹೋಗುತ್ತಿದ್ದರು.

ನೀನು ತವರಿಗೆ ಹೋದ ವಾರವೇ ಅದೆಲ್ಲ ಬದಲಾಯಿತು. ಈಗ ಯಾವ ಗಾಣಕ್ಕೆ ಹೋಗಬೇಕೆಂದು ಬೆಳಿಗ್ಗೆ ಕಂಪ್ಯೂಟರೇ ಚೀಟಿ ಎತ್ತುತ್ತದೆ. ಬರುವವರಿಗೂ ಮುಂಚೆ ಗೊತ್ತಿರುವುದಿಲ್ಲ. ಮಾಲನ್ನು ಅವರೇ ಆರಿಸಿ, ನಮ್ಮೆದುರೇ ನಾಲ್ಕು ಪಾಲು ಮಾಡಿ ಸೀಲ್ ಹಾಕುತ್ತಾರೆ. ಮೊದಲನೇ ತಪ್ಪಿಗೆ ದಂಡವಿಲ್ಲ. ಏನು ತಪ್ಪಾಯಿತು, ಯಾರಿಂದ, ಹೇಗೆ ಸರಿ ಮಾಡಿದಿರಿ ಎಂದು ಹದಿನೈದು ದಿನದಲ್ಲಿ ಬರೆದು ಕೊಡಬೇಕು. ಬೆಲ್ಲದ ಹದಕ್ಕೆ ಜವಾಬ್ದಾರನಾದವನ ಹೆಸರು ಕೂಡ ರಜಿಸ್ಟರಿನಲ್ಲಿರಬೇಕು. ಮಾಲಕರಾದ ಧರಣೇಂದ್ರ ಕಾಕಾ ಗೋಕಾಕದಲ್ಲಿ ತರಬೇತಿ ಮುಗಿಸಿ ಬಂದವರೇ ಪುಡಿ ಬಂದ್ ಮಾಡಿ, ಚೀಲಗಳನ್ನು ಹೊರಗೆ ಹಾಕಿಸಿದರು. ಮಾವನನ್ನು ಕರೆದು, "ಉದ್ದಪ್ಪಾ, ಮೂವತ್ತ ವರ್ಷ ಬೆಲ್ಲಾ ನೀ ಇಳಿಸಿದಿ, ಹೆಸರ ನಂದ ಇತ್ತು. ಈಗರ ನಿಂದ ಬರ್ಲಿ" ಅಂದರು.

ಮಾವ ಸಹಿ ಮಾಡಿ, ಕಾಕಾನ ಪೆನ್ನನ್ನು ತಮ್ಮ ಜೇಬಿಗೇ ಸಿಕ್ಕಿಸಿಕೊಂಡರು. ಕೊಡುವುದನ್ನೇ ಮರೆತಿದ್ದರು. "ಏನ್ ಮಾವಾ, ನೀವೂ ಸಾಹೇಬ್ರಾದ್ರಿ?" ಎಂದು ಚೇಷ್ಟೆ ಮಾಡಿದೆ. "ಬಾಯಿ ಮುಚ್ಚಕೊಂಡ ಉರಿ ಹಾಕ್ಲೇ" ಅಂದರು, ನಗುತ್ತಲೇ.

ಬೆಲ್ಲ ಕಪ್ಪಾಯಿತು. ಸಂಕೇಶ್ವರದ ವ್ಯಾಪಾರಿ ಬಂದವನು, "ಏನಪಾ ಇದು, ಎಮ್ಮಿ ಬಣ್ಣ ಬಂದೈತಲ್ಲ" ಎಂದು ಎಲ್ಲರೆದುರು ನಕ್ಕ. ಮಾವ ಒಂದು ಚೂರು ಅವನ ಬಾಯಿಗೇ ಇಟ್ಟು, "ಬಣ್ಣ ಕಣ್ಣಿಗಿ, ಇದು ನಾಲಿಗಿಗಿ" ಅಂದರು. ನನಗೆ ಮಾತ್ರ ಆ ನಗು ವಾರಗಟ್ಟಲೆ ತಲೆಯಲ್ಲಿ ಕುಳಿತಿತ್ತು. ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಒಂದು ಕಡೆ ನಿಲ್ಲುವುದಿಲ್ಲ.

ಡಿಸೆಂಬರ್ ಹದಿನೈದಕ್ಕೆ ಗೋಕಾಕದ ಕಚೇರಿಯಿಂದ ದಾಕ್ಷಾಯಿಣಿ ಮೇಡಮ್ ತಪಾಸಣೆಗೆ ಬಂದರು. ಫೋನಿಲ್ಲ, ಜೀಪಿಲ್ಲ, ಬಸ್ ಇಳಿದು ನಡೆದೇ ಬಂದರು. ಹಿಂದಿನ ದಿನದ ಪೆಂಟಿಗಳ ಮುಂದೆ ಕುಳಿತು ಡಬ್ಬಿ ಬಿಚ್ಚುತ್ತಿದ್ದರು. ಅವರನ್ನು ಅವರ ಪಾಡಿಗೆ ಬಿಟ್ಟಿದ್ದರೆ ಅದರದೇ ಚೂರು ಒಯ್ಯುತ್ತಿದ್ದರು, ಕಥೆ ಮುಗಿಯುತ್ತಿತ್ತು. ನನ್ನ ಕಾಲು ಕೇಳಲಿಲ್ಲ. ಯಾರೂ ಹೇಳದೆ ಗೂಡಿಗೆ ಓಡಿ, ಸಾಹೇಬರ ಪೆಂಟಿ ತಂದು ಅವರೆದುರು ಹಿಡಿದೆ. ಹಳೇ ರೂಢಿ.

"ಇದನ್ಯಾಕ ಬ್ಯಾರೆ ಸುತ್ತಿಟ್ಟೀರಿ?" ಎಂದು ಕೇಳಿದರು.

"ಸಾಹೇಬ್ರಿಗಂತ ಇಟ್ಟಿದ್ರಿ."

"ನಾ ಸಾಹೇಬ ಅಲ್ಲ. ಮಂದಿ ತಿನ್ನೂದು ತೋರ್ಸ್ರಿ. ಇವತ್ತ ಇಳಿಸಿದ್ದು ಎಲ್ಲೈತಿ?"

ಎದ್ದು ಆ ಮುಂಜಾನೆಯ ಸಾಲಿಗೇ ಹೋದರು. ಆ ಸಾಲಿನ ಬೆಲ್ಲಕ್ಕೆ ಪುಡಿ ಬಿದ್ದಿತ್ತು. ಡಿಸೆಂಬರ್ ಮೂವತ್ತೊಂದಕ್ಕೆ ವರದಿ ಬಂತು, ಜೊತೆಗೇ ನೋಟಿಸು.

ಕಾಕಾ ಒದರಾಡಲಿಲ್ಲ. "ಉದ್ದಪ್ಪಾ, ನಿನ್ನ ನಂಬಿ ಹೆಸರ ಬರ್ಸಿದ್ನೆಲ್ಲೋ" ಅಂದರು, ಅಷ್ಟೇ. ಮಾವ "ಹೆಸರ ನಂದೈತಿ, ತಪ್ಪೂ ನಂದರಿ" ಎಂದು ಹೇಳಿ, ಟವೆಲ್ ಹೆಗಲಿಗೆ ಹಾಕಿಕೊಂಡು ಹುಕ್ಕೇರಿ ಬಸ್ ಹತ್ತಿದರು. ಅಂದಿನಿಂದ ಅವರು ಕಟ್ಟೆಯ ಮೇಲೆ ಕುಳಿತದ್ದನ್ನು ನೀನು ನೋಡುತ್ತಿದ್ದೀ.

ನೋಟಿಸಿಗೆ ಉತ್ತರ ಗುರುವಾರದೊಳಗೆ ಹೋಗಬೇಕು. ಕಾಕಾ ಬರೆದಿಟ್ಟದ್ದನ್ನು ಓದಿದೆ: "ಉದ್ದಪ್ಪನ ಅಜಾಗರೂಕತೆ. ಕೆಲಸದಿಂದ ತೆಗೆಯಲಾಗಿದೆ." ಈ ಸಾಲು ಕಂಪ್ಯೂಟರಿಗೆ ಹೋದರೆ ಇನ್ನು ಯಾವ ಗಾಣದವರೂ ಮಾವನ ಹೆಸರನ್ನು ರಜಿಸ್ಟರಿಗೆ ಸೇರಿಸುವುದಿಲ್ಲ. ಪಾಕಕ್ಕೆ ಬೆರಳು ಅದ್ದಿ ಹದ ಹೇಳುವ ಕೈ ಅದು. ಮೂವತ್ತು ವರ್ಷದ ಆ ಕೈ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ.

ಅದಕ್ಕೇ ನಿನ್ನೆ ಕಾಕಾನ ಹತ್ತಿರ ಹೋಗಿ, ಮಾವನ ತಪ್ಪಿಲ್ಲ, ಪೆಂಟಿ ತಂದು ಕೆಡಿಸಿದವನು ನಾನು ಎಂದು ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಪೆಂಟಿ ತಂದ್ರ ಕಡಾಯ್ಯಾಗ ಪುಡಿ ಬೀಳತೈತೇನಲೇ?" ಎಂದು ಕೇಳಿದರು. ಉರಿ ಹಾಕುವ ನೆಪ ಹೇಳಿ ಹೊರಗೆ ಬಂದೆ.

ನಡೆದದ್ದು ಇಷ್ಟು, ಆಮ್ರಪಾಲಿ. ನನ್ನ ತಪ್ಪನ್ನು ಹೇಳಿದ್ದೇನೆ. ನಾನು ಪ್ರಯತ್ನ ಬಿಟ್ಟಿಲ್ಲವೆಂದು ಮಾವನಿಗೆ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು, ಗುಳಿಗೆ ಮರೆಯಬೇಡ.

ನಿನ್ನವನೇ ಆದ,
ಸೂರಜ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು. ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ, ಈಗ ಸಂಜೆ ಐದು ಗಂಟೆ. ಆ ಮುಂಜಾನೆ ಪುಡಿ ಹಾಕಿದವನು ನಾನೇ. ಚೀಲ ಹೊರಗೆ ಹಾಕುವಾಗ ಒಂದು ಡಬ್ಬಿ ಪುಡಿ ತೆಗೆದಿಟ್ಟಿದ್ದೆ. ಮಾವ ಬೆಂಡಿ ಗಿಡ ಕೀಳಲು ಹೊಲಕ್ಕೆ ಹೋಗಿದ್ದಾಗ, ಆ ವ್ಯಾಪಾರಿಯ ಬಾಯಿ ಮುಚ್ಚಿಸಬೇಕೆಂದು ಒಂದು ಹಿಡಿ ಹಾಕಿದೆ. ಮಾವ ತಿರುಗಿ ಬಂದು ಪಾಕದ ಬಣ್ಣ ನೋಡಿದರು, ಆಮೇಲೆ ನನ್ನ ಕೈ ನೋಡಿದರು. "ಕೈ ತೊಳಕೋ" ಅಂದರು, ಅಷ್ಟೇ. ಅವತ್ತಿನಿಂದ ಇವತ್ತಿನವರೆಗೆ ಅವರು ಯಾರಿಗೂ ಹೇಳಿಲ್ಲ. ನಿನಗೂ ಹೇಳಿಲ್ಲವೆಂದು ನಿನ್ನ ಫೋನಿನಿಂದಲೇ ನನಗೆ ಗೊತ್ತಾಯಿತು. ಮಗಳ ಗಂಡನೆಂದು ತಮ್ಮ ಹೆಸರನ್ನೇ ಸುಟ್ಟುಕೊಂಡರು.

ಮಧ್ಯಾಹ್ನ ಕಾಕಾನಿಗೆ ಹೇಳಿಬಿಟ್ಟೆ. ಅವರು "ನಾಳಿಂದ ನೀ ಬರಬ್ಯಾಡ. ಉದ್ದಪ್ಪನ್ನ ಕರ್ಯಾಕ ನಾನ ಹೋಗ್ತೇನಿ" ಅಂದರು. ಕಾಕಾ ಮಾವನ ಮೇಲೆ ಬರೆದ ಸಾಲು ಹೊಡೆದುಹಾಕಿದ ಮೇಲೆ, ಆ ಉತ್ತರದ ಅರ್ಜಿಯ ಕೆಳಗೆ ಕೆಲಸಗಾರರ ಹೇಳಿಕೆಗೆ ಬಿಟ್ಟ ಜಾಗದಲ್ಲಿ ಎಲ್ಲವನ್ನೂ ಬರೆದು, ಗೋಕಾಕಕ್ಕೆ ಹೋಗಿ ದಾಕ್ಷಾಯಿಣಿ ಮೇಡಮ್ಮರಿಗೆ ಕೊಟ್ಟೆ. ಅವರು ಎರಡು ಸಲ ಓದಿದರು. "ಪುಡಿ ಹಾಕಲಾಯಿತು ಅಂತ ಬರದಿ. ಯಾರ ಹಾಕಿದ್ರಪಾ? ಹೆಸರ ಎಲ್ಲೈತಿ?" ಅಂದರು.

ಅಲ್ಲೇ ನಿಂತು ಬರೆದೆ. ನನ್ನ ಹೆಸರು, ಅಪ್ಪನ ಹೆಸರು, ಊರು, ಪೂರ್ತಿ.