ಗಿಡ್ಡ ಬೇರು, ಗಾಢ ನಿದ್ದೆ

ಅಕ್ಕಾ,

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹೆದರಬೇಡ, ಒಳಗೆ ಮಲಗಿರುವುದು ನಾನಲ್ಲ, ನಮ್ಮ ಸಸಿತೋಟದ ಕಾವಲುಗಾರ.

ಗಾಜಿನಮನೆಯ ಮೂಲೆಯಲ್ಲಿ, ಬಿದಿರಿನ ತಟ್ಟಿಯ ಹಿಂದೆ ಅವನ ಮಂಚ. ಪಕ್ಕದಲ್ಲೇ ಸೀಮೆಎಣ್ಣೆ ಹೀಟರ್. ವಾರದಿಂದ ತೂಕಡಿಸುತ್ತಿದ್ದವನಿಗೆ ಕುಂಭಕರ್ಣ ಎಂದು ಹೆಸರಿಟ್ಟದ್ದು ನಾನೇ. "ತಲೆ ಭಾರ ಸಾರ್" ಎಂದರೆ, "ಒಳಗೆ ಏನಾದ್ರೂ ಇದ್ರೆ ತಾನೇ ಭಾರ" ಎಂದು ಎಲ್ಲರನ್ನೂ ನಗಿಸಿದ್ದೆ.

ಇವತ್ತು ಬೆಳಿಗ್ಗೆ ಟೊಮೆಟೊ ಸಸಿ ಕಿತ್ತರೆ, ದಾರದಂತಿರಬೇಕಾದ ಬೇರುಗಳು ಬೆಂಕಿಕಡ್ಡಿಯಂತೆ ಗಿಡ್ಡ, ದಪ್ಪ. ಸಸಿತೋಟ ನೋಡಿಕೊಳ್ಳುವ ಮೇಡಂ ಮುಖ ಬಿಳುಚಿತು. "ಇದು ಎಥಿಲೀನ್ ಅನಿಲದ ಕೆಲಸ. ಅದು ತಗುಲಿದ್ರೆ ಬೇರಿನ ತುದೀಲಿ ಆಕ್ಸಿನ್ ಹಾರ್ಮೋನು ಹೆಚ್ಚಾಗಿ, ಉದ್ದ ಬೆಳೆಯೋದು ನಿಲ್ಲುತ್ತೆ. ಹೀಟರ್ ಸರಿಯಾಗಿ ಉರೀತಿಲ್ಲ. ಆ ಹೊಗೇಲಿ ಮನುಷ್ಯರಿಗೆ ವಿಷವಾಗೋ ಅನಿಲವೂ ಇರುತ್ತೆ. ಕಾವಲುಗಾರ ಎಲ್ಲಿ?" ತಟ್ಟಿಯ ಹಿಂದೆ ಓಡಿದೆವು. ಎಷ್ಟು ಅಲುಗಿಸಿದರೂ ಏಳಲಿಲ್ಲ.

ಆಮ್ಲಜನಕ ಕೊಡುತ್ತಿದ್ದಾರೆ, ಡಾಕ್ಟರು ಇನ್ನೂ ಏನೂ ಹೇಳಿಲ್ಲ. ಅಪ್ಪನ ಕೋಣೆಯಲ್ಲೂ ಅಂಥದ್ದೇ ಹೀಟರ್ ಇದೆಯಲ್ಲ, ಈ ಕಾರ್ಡು ಓದಿದ ಕೂಡಲೇ ಆರಿಸು. ಬೈದರೆ ನನ್ನ ಹೆಸರು ಹೇಳು. ನನಗೆ ಸ್ವಲ್ಪ ತಲೆನೋವು, ಅಷ್ಟೇ.

ನರ್ಸ್ ಬಂದು ಕೇಳುತ್ತಿದ್ದಾರೆ: "ಅವರ ಹೆಸರು ಹೇಳಿ, ಕೂಗಿ ನೋಡ್ತೀವಿ." ಅಕ್ಕಾ, ನನಗೆ ನಾನಿಟ್ಟ ಹೆಸರೊಂದೇ ಗೊತ್ತು.

ನಿನ್ನ ತಮ್ಮ